"ದುಡ್ಡಿನ ವಿಷಯ ನಿಂಗ್ಯಾಕೆ, ನೀನು ಓದು" ಅನ್ನೋದನ್ನ ಜೂನಿಯರ್ ವರ್ಷದಲ್ಲಾದ್ರೂ ನಿಲ್ಲಿಸೋಣ

ಇಲ್ಲಿ ಅಮೆರಿಕದಲ್ಲಿ ಹನ್ನೊಂದನೇ ಕ್ಲಾಸಲ್ಲಿ (ಅದನ್ನೇ ಜೂನಿಯರ್ ವರ್ಷ ಅಂತಾರೆ) ಮಕ್ಕಳಿರೋ ನಮ್ಮ ಕನ್ನಡದ ಮನೆಗಳಿಗೋಸ್ಕರ ಇದನ್ನ ಬರೀತಿದೀನಿ. ಊರಲ್ಲಿರೋರಿಗೆ ಕೆಲವು ವಿಷಯ ಹೊಸದು ಅನ್ನಿಸಬಹುದು, ಆದ್ರೆ ನಿಮ್ಮ ಮೊಮ್ಮಕ್ಕಳೋ ಅಣ್ಣತಮ್ಮಂದಿರ ಮಕ್ಕಳೋ ಇಲ್ಲಿದ್ರೆ ನೀವೂ ಓದಿ, ಯಾಕಂದ್ರೆ ವಾಟ್ಸಾಪ್ ಕಾಲಲ್ಲಿ "ಯಾವ ಕಾಲೇಜು ಸಿಕ್ತು ಪುಟ್ಟಾ" ಅಂತ ಕೇಳೋರು ನೀವೇ, ಮತ್ತೆ ಆ ಪ್ರಶ್ನೆ ಒಂದು ವರ್ಷ ಮುಂಚೆನೇ ಬರ್ತಿದೆ.

ನನ್ನ ಮಗಳು ಈಗ ಜೂನಿಯರ್. ಕ್ಯಾಲಿಫೋರ್ನಿಯಾದಲ್ಲಿದೀವಿ. ಹೈಸ್ಕೂಲಿನ ನಾಲ್ಕು ವರ್ಷದಲ್ಲಿ ಇದೇ ಜಾಸ್ತಿ ಒತ್ತಡದ ವರ್ಷ, ಅದು ಸುಮ್ಮನೆ ಹೇಳೋ ಮಾತಲ್ಲ. ಯುಸಿಗಳು, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು, ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕ ಹಾಕೋದು ಒಂಬತ್ತನೇ ಕ್ಲಾಸ್ ಮುಗಿದ ಬೇಸಿಗೆಯಿಂದ ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆವರೆಗೆ ಮಾತ್ರ, ಅಂದ್ರೆ ಆ ಲೆಕ್ಕಕ್ಕೆ ಸೇರೋ ಕೊನೇ ಸ್ಕೂಲ್ ವರ್ಷ ಇದು. ಅಕ್ಟೋಬರಲ್ಲಿ ಪಿಸ್ಯಾಟ್ (ಸ್ಯಾಟ್‌ಗೆ ಪೂರ್ವಭಾವಿ ಪರೀಕ್ಷೆ), ಆಮೇಲೆ ಕಾಲೇಜು ಪ್ರವೇಶಕ್ಕೆ ಬರೆಯೋ ಸ್ಯಾಟ್, ಮೇ ತಿಂಗಳಲ್ಲಿ ಎಪಿ (ಕಾಲೇಜು ಮಟ್ಟದ ಕೋರ್ಸುಗಳು) ಪರೀಕ್ಷೆಗಳು, ಮಧ್ಯೆ ಸ್ಪ್ರಿಂಗ್ ಬ್ರೇಕಲ್ಲಿ ಕಾಲೇಜು ನೋಡೋಕೆ ಓಡಾಟ, ಆಗಸ್ಟ್ 1ಕ್ಕೆ ತುಂಬ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕೋ ಕಾಮನ್ ಆ್ಯಪ್ ತೆರೆದುಕೊಳ್ಳುತ್ತೆ. ಮಕ್ಕಳು ರಾತ್ರಿ ಒಂದು ಗಂಟೆವರೆಗೆ ಎದ್ದಿರ್ತಾರೆ.

ಇಷ್ಟೆಲ್ಲದರ ಮಧ್ಯೆ, ಎಲ್ಲರೂ ಒಂದೊಂದು ಅಡುಗೆ ತಂದು ಸೇರೋ ನಮ್ಮ ಪಾಟ್‌ಲಕ್‌ಗಳಲ್ಲಿ, ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ನಾವು ಅಪ್ಪ ಅಮ್ಮಂದಿರು ಏನು ಮಾತಾಡ್ಕೋತೀವಿ ಅಂತ ನೋಡಿ. ಸ್ಯಾಟ್ ಎಷ್ಟು ಬಂತು, ಎಷ್ಟು ಎಪಿ ತಗೊಂಡಿದಾಳೆ, ಯಾವ ಕೋಚಿಂಗು, ಕಾಲೇಜು ಅರ್ಜಿಯ ಎಸ್ಸೇ ತಿದ್ದೋಕೆ ಸಾವಿರಾರು ಡಾಲರ್ ತಗೊಳ್ಳೋ ಕನ್ಸಲ್ಟೆಂಟ್ ನಂಬರ್ ಇದ್ರೆ ಕೊಡಿ. ವರ್ಷಕ್ಕೆ ನಮ್ಮನೆಯಿಂದ ಎಷ್ಟು ಕೊಡೋಕಾಗುತ್ತೆ, ಅದನ್ನ ಮಗೂಗೆ ಹೇಳಿದೀರಾ ಅಂತ ಒಬ್ರು ಇನ್ನೊಬ್ರನ್ನ ಕೇಳಿದ್ದನ್ನ ನಾನು ಕಂಡಿಲ್ಲ. ಕೇಳಿದ್ರೆ ಮರ್ಯಾದೆ ಪ್ರಶ್ನೆ ಆಗಿಬಿಡುತ್ತೆ. ಮನೇಲೂ ಅಷ್ಟೇ, ಮಗು ಏನಾದ್ರೂ ಕೇಳಿದ್ರೆ "ದುಡ್ಡಿನ ವಿಷಯ ನಿಂಗ್ಯಾಕೆ, ನೀನು ಓದು, ಅದನ್ನ ನಾವು ನೋಡ್ಕೋತೀವಿ" ಅಂತೀವಿ. ಪ್ರೀತಿಯಿಂದ್ಲೇ ಅಂತೀವಿ, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಈ ದೇಶದ ಕಾಲೇಜು ವ್ಯವಸ್ಥೆಯಲ್ಲಿ ಆ ಮಾತು ಮಕ್ಕಳಿಗೆ ಒಳ್ಳೇದು ಮಾಡಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕಾಲ ನೆನಪು ಮಾಡ್ಕೊಳ್ಳಿ. 1994ರಲ್ಲಿ ಸಿಇಟಿ ಶುರುವಾಯ್ತು, ನಾವೆಲ್ಲ ಅದರ ಮೊದಲ ಬ್ಯಾಚುಗಳ ಆಸುಪಾಸಿನೋರು. ಒಂದು ರ್‍ಯಾಂಕು, ಆ ರ್‍ಯಾಂಕ್ ಪ್ರಕಾರ ಕೌನ್ಸೆಲಿಂಗಿಗೆ ಕರೀತಿದ್ರು, ಆ ಹೊತ್ತಿಗೆ ಯಾವ ಕಾಲೇಜಲ್ಲಿ ಯಾವ ಬ್ರಾಂಚ್ ಉಳಿದಿದೆಯೋ ಅದರಲ್ಲಿ ಒಂದನ್ನ ಆರಿಸ್ಕೋಬೇಕಿತ್ತು. ಫ್ರೀ ಸೀಟು, ಪೇಮೆಂಟ್ ಸೀಟು ಅಂತಿತ್ತು, ಎರಡಕ್ಕೂ ಎಷ್ಟು ಫೀಸು ಅಂತ ಮೊದಲೇ ಗೊತ್ತಿರ್ತಿತ್ತು. ನಮ್ಮಪ್ಪ ಮೈಸೂರಲ್ಲಿ ಸ್ಕೂಲ್ ಮೇಷ್ಟ್ರು. ಪಿಯುಸಿ ಪರೀಕ್ಷೆಗೂ ಮುಂಚೆನೇ ಕೂರಿಸ್ಕೊಂಡು ಹೇಳಿಬಿಟ್ಟಿದ್ರು, ಫ್ರೀ ಸೀಟ್ ಬಂದ್ರೆ ಇಂಜಿನಿಯರಿಂಗ್ ಓದಮ್ಮ, ಇಲ್ದಿದ್ರೆ ಬಿಎಸ್ಸಿ ಮಾಡು, ಪೇಮೆಂಟ್ ಸೀಟ್ ನನ್ನ ಕೈಲಾಗಲ್ಲ ಅಂತ. ನಂಗೆ ಅವಮಾನ ಆಗ್ಲಿಲ್ಲ, ಭಯನೂ ಆಗ್ಲಿಲ್ಲ, ನನ್ನ ದಾರಿ ಯಾವುದು ಅಂತ ಸ್ಪಷ್ಟವಾಯ್ತು ಅಷ್ಟೇ. ನಮ್ಮ ಜೊತೆ ಓದಿದ ಎಷ್ಟೋ ಜನರ ಮನೇಲಿ ಇದೇ ಮಾತು ನಡೆದಿರುತ್ತೆ. ಅಷ್ಟು ಕಷ್ಟದಲ್ಲಿದ್ದ ನಮ್ಮ ತಂದೆತಾಯಂದಿರು ನಮ್ಮ ಹತ್ರ ಬಿಚ್ಚಿ ಮಾತಾಡಿದ್ರು, ಅವರಿಗಿಂತ ಚೆನ್ನಾಗಿರೋ ನಾವು ನಮ್ಮ ಮಕ್ಕಳ ಹತ್ರ ಯಾಕೆ ಮುಚ್ಚಿಡ್ತೀವಿ?

ಮತ್ತೆ ಇಲ್ಲಿ ಫೀಸು ಎಲ್ಲರಿಗೂ ಒಂದೇ ಅಲ್ಲ ನೋಡಿ, ಒಂದೇ ಕ್ಲಾಸಲ್ಲಿ ಅಕ್ಕಪಕ್ಕ ಕೂತಿರೋ ಇಬ್ರು ಮಕ್ಕಳ ಮನೆಯವ್ರು ಕಟ್ಟೋ ದುಡ್ಡಲ್ಲಿ ಹತ್ತಾರು ಸಾವಿರ ಡಾಲರ್ ವ್ಯತ್ಯಾಸ ಇರಬಹುದು. ಕೆಲವು ಖಾಸಗಿ ಯೂನಿವರ್ಸಿಟಿಗಳಲ್ಲಿ ಊಟ ವಸತಿ ಎಲ್ಲ ಸೇರಿ ವರ್ಷದ ಖರ್ಚು 90,000 ಡಾಲರ್ ದಾಟಿ ಆಯ್ತು. ಯುಸಿಯಲ್ಲಿ ಕ್ಯಾಲಿಫೋರ್ನಿಯಾದ ಮಗು ಕ್ಯಾಂಪಸ್‌ನಲ್ಲೇ ಇದ್ದು ಓದಿದ್ರೆ 45,000 ಆಸುಪಾಸು, ಬೇರೆ ರಾಜ್ಯದಿಂದ ಬಂದ್ರೆ ಅದರ ಮೇಲೆ ಇನ್ನೂ 35,000ಕ್ಕಿಂತ ಜಾಸ್ತಿ. ಇಲ್ಲಿನ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಗುಂಪಾದ ಕ್ಯಾಲ್ ಸ್ಟೇಟ್‌ಗಳಲ್ಲಿ ಟ್ಯೂಷನ್ 6,000 ಡಾಲರ್ ಚಿಲ್ಲರೆ. ಎರಡು ವರ್ಷದ ಸ್ಥಳೀಯ ಕಮ್ಯುನಿಟಿ ಕಾಲೇಜಲ್ಲಿ ಕೋರ್ಸಿನ ಒಂದು ಯೂನಿಟ್‌ಗೆ 46 ಡಾಲರ್. ನಾಲ್ಕು ವರ್ಷಕ್ಕೆ ಗುಣಿಸಿ ನೋಡಿ, ಆಮೇಲೆ ಹೇಳಿ ಇದು ಮಗೂಗೆ ಬೇಡದ ವಿಷಯನಾ ಅಂತ.

ಹಾರ್ವರ್ಡ್, ಯೇಲ್ ಥರದ ಐವಿ ಲೀಗ್ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ, ಮನೆ ಆದಾಯ ನೋಡಿ ಕೊಡೋ ಸಹಾಯ ಮಾತ್ರ. ಇದು ನಮ್ಮೋರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, "ಚೆನ್ನಾಗಿ ಓದಿದ್ರೆ ಸ್ಕಾಲರ್‌ಶಿಪ್ ಬರುತ್ತೆ ಬಿಡು" ಅಂತ ಮಗು ನಂಬ್ಕೊಂಡು ಇರುತ್ತೆ. ಐಟಿಯಲ್ಲಿ ಇಬ್ರೂ ದುಡಿಯೋ ಮನೆಗೆ ಆ ಸಹಾಯನೂ ಸಿಗೋದು ಕಮ್ಮಿ. ಅದಕ್ಕೇ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಇರೋದು, 2011ರಿಂದ ಕಾಲೇಜುಗಳು ತಮ್ಮ ವೆಬ್‌ಸೈಟಲ್ಲಿ ಇದನ್ನ ಇಡಲೇಬೇಕು ಅಂತ ಫೆಡರಲ್ ಕಾನೂನೇ ಇದೆ. ಟ್ಯಾಕ್ಸ್ ರಿಟರ್ನ್ ಪಕ್ಕದಲ್ಲಿಟ್ಕೊಂಡು ಕೂತ್ರೆ ಒಂದು ಕಾಲೇಜಿಗೆ ಹೆಚ್ಚು ಹೊತ್ತು ಬೇಕಾಗಲ್ಲ, ನಿಮ್ಮ ಮನೆಗೆ ಸುಮಾರು ಎಷ್ಟು ಬೀಳುತ್ತೆ ಅಂತ ಬರುತ್ತೆ. ಮಗು ಪಕ್ಕದಲ್ಲಿ ಕೂತ್ಕೊಂಡೇ ಮಾಡಬೇಕು ಇದನ್ನ. ನಮ್ಮನೇಲಿ ಮಗಳೇ ಟೈಪ್ ಮಾಡಿದ್ಲು. ನಮ್ಮ ಸಂಬಳ ಎಷ್ಟು, ಮನೆ ಸಾಲ ಎಷ್ಟು, ಊರಲ್ಲಿ ಅಜ್ಜಿಗೆ ಎಷ್ಟು ಕಳಿಸ್ತೀವಿ, 529ನಲ್ಲಿ (ಓದಿಗೆ ಅಂತ ಮಾಡೋ ಉಳಿತಾಯ ಖಾತೆ) ಎಷ್ಟಿದೆ, ಎಲ್ಲ ಅವತ್ತು ಅವಳಿಗೆ ಗೊತ್ತಾಯ್ತು. "ಅಮ್ಮಾ ಇದನ್ನ ಮೊದಲೇ ಹೇಳಿದ್ರೆ ನಾನು ಆ ಮೂರು ಕಾಲೇಜಿನ ವಿಡಿಯೋ ನೋಡೋ ಟೈಮಲ್ಲಿ ಬೇರೆ ಕಾಲೇಜು ಹುಡುಕ್ತಿದ್ದೆ" ಅಂದ್ಲು. ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ಹದಿನಾರು ವರ್ಷದ ಮಕ್ಕಳಿಗೆ ನಾವು ಅಂದ್ಕೊಳ್ಳೋದಕ್ಕಿಂತ ತುಂಬ ಜಾಸ್ತಿ ಅರ್ಥ ಆಗುತ್ತೆ.

ಇನ್ನೊಂದು, ಈಗಿನ ಜೂನಿಯರ್‌ಗಳು 2027ರ ಫಾಲ್‌ಗೆ ಕಾಲೇಜಿಗೆ ಹೋಗೋರು, ಅವರ ಫಾಫ್ಸಾಗೆ (ಫೆಡರಲ್ ಹಣಸಹಾಯಕ್ಕೆ ಹಾಕೋ ಅರ್ಜಿ) ಬೇಕಾಗೋದು 2025ರ ಆದಾಯ. ಅದು ಆಗಲೇ ಮುಗಿದು ಹೋದ ವರ್ಷ. ಆಮೇಲೆ ಲೇಆಫ್ ಆಗಿದ್ರೆ ಸುಮ್ಮನೆ ಕೂರಬೇಡಿ, ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಬರೆದು ಪರಿಸ್ಥಿತಿ ಬದಲಾಗಿದೆ, ಮತ್ತೆ ಪರಿಶೀಲಿಸಿ ಅಂತ ಕೇಳೋಕೆ ಅವಕಾಶ ಇದೆ, ನಾಚ್ಕೋಬೇಕಾದ್ದು ಏನಿಲ್ಲ. ಇಬ್ರು ಮಕ್ಕಳು ಒಟ್ಟಿಗೆ ಕಾಲೇಜಲ್ಲಿದ್ರೆ ಮುಂಚೆ ಫಾಫ್ಸಾ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಇತ್ತು, 2024-25ರಿಂದ ಅದನ್ನ ತೆಗೆದಿದಾರೆ, ಅವಳಿ ಮಕ್ಕಳಿರೋರು ಇದನ್ನ ಗಮನದಲ್ಲಿ ಇಟ್ಕೊಳ್ಳಿ. ಸಾಲ ಮಾಡಿ ಓದಿಸ್ತೀವಿ ಅನ್ನೋರಿಗೆ, ಅಪ್ಪ ಅಮ್ಮಂದಿರು ತಗೊಳ್ಳೋ ಫೆಡರಲ್ ಪೇರೆಂಟ್ ಪ್ಲಸ್ ಸಾಲಕ್ಕೆ 2026ರ ಜುಲೈ 1ರಿಂದ ಮಿತಿ ಹಾಕಿದಾರೆ, ಒಂದು ಮಗೂಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್, ಅಷ್ಟೇ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡೋ ವಿಷಯ. ಎಚ್-4 ಮಕ್ಕಳು, ಅಂದ್ರೆ ಎಚ್-1ಬಿ ಕೆಲಸದ ವೀಸಾದಲ್ಲಿರೋ ಅಪ್ಪನ ಅಥವಾ ಅಮ್ಮನ ಅವಲಂಬಿತರಾಗಿ ವೀಸಾ ಪಡೆದ ಮಕ್ಕಳು. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಅಪ್ಪ ಅಮ್ಮನ ಕೈ ಹಿಡ್ಕೊಂಡು ಬಂದಿರ್ತಾವೆ, ಕನ್ನಡ ಬಿಟ್ರೆ ಇಂಗ್ಲಿಷ್ ಮಾತ್ರ ಗೊತ್ತು, ಇದೇ ಊರು ಅಂದ್ಕೊಂಡು ಬೆಳೆದಿರ್ತಾವೆ, ಗ್ರೀನ್ ಕಾರ್ಡ್ ಸಾಲು ಮಾತ್ರ ಮುಂದೆ ಸರಿಯೋದೇ ಇಲ್ಲ. ಆ ಮಕ್ಕಳಿಗೆ ಫೆಡರಲ್ ಸಹಾಯ ಇಲ್ಲ, ಫೆಡರಲ್ ಸಾಲ ಇಲ್ಲ. ಕೆಲಸದ ಪರ್ಮಿಟ್ ಇಲ್ಲ, ಹಾಗಾಗಿ ಬೇಸಿಗೇಲಿ ಫ್ರೆಂಡ್ಸ್ ಎಲ್ಲ ಐಸ್‌ಕ್ರೀಮ್ ಅಂಗಡೀಲಿ ಕೆಲಸಕ್ಕೆ ಸೇರ್ಕೊಂಡಾಗ ಇವರು ಸೇರೋ ಹಾಗಿಲ್ಲ. 21 ತುಂಬಿದ್ರೆ ಎಚ್-4 ಮುಗೀತು, ಎಫ್-1 ಸ್ಟೂಡೆಂಟ್ ವೀಸಾಗೋ ಇನ್ನೊಂದಕ್ಕೋ ಬದಲಾಯಿಸ್ಕೋಬೇಕು, ಇಲ್ಲಾಂದ್ರೆ ದೇಶ ಬಿಡಬೇಕು. 21 ಅಂದ್ರೆ ಕಾಲೇಜಿನ ಮಧ್ಯದಲ್ಲೇ ಬರುತ್ತೆ.

ಇದನ್ನ ಎಷ್ಟೋ ಮನೇಲಿ ಮಕ್ಕಳಿಗೆ ಹೇಳೇ ಇರಲ್ಲ. ಮಗು ಮನಸ್ಸು ಕೆಡುತ್ತೆ ಅಂತ. ಆಮೇಲೆ ಕಾಲೇಜ್ ಫಾರಂ ತುಂಬೋವಾಗ ಸಿಟಿಜನ್‌ಶಿಪ್ ಅನ್ನೋ ಕಾಲಂ ಬರುತ್ತಲ್ಲ, ಆಗ ಗೊತ್ತಾಗುತ್ತೆ ಮಗೂಗೆ. ಒಂದು ಫಾರಂ ಹೇಳಬೇಕಾ ಇದನ್ನ? ಅಪ್ಪ ಅಮ್ಮ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಬೇಕಾದ ವಿಷಯ ಅಲ್ವಾ. ಜೂನಿಯರ್ ವರ್ಷದಲ್ಲೇ ಹೇಳಿದ್ರೆ ಮಾಡೋಕೆ ತುಂಬ ಕೆಲಸ ಇದೆ. ಎಚ್-4ನಲ್ಲಿರೋ ಮಕ್ಕಳಿಗೂ ಇನ್‌ಸ್ಟೇಟ್ ಫೀಸ್ (ಆ ರಾಜ್ಯದವರಿಗಿರೋ ಕಮ್ಮಿ ಫೀಸ್) ಹಾಕೋ ರಾಜ್ಯಗಳಿವೆ, ಕ್ಯಾಲಿಫೋರ್ನಿಯಾ ಯುಸಿಗಳಲ್ಲಿ ನಿಯಮ ಪೂರೈಸಿದ್ರೆ ಸಿಗುತ್ತೆ. ತಮ್ಮದೇ ದುಡ್ಡಿಂದ ಸಹಾಯ ಕೊಡೋ ಖಾಸಗಿ ಕಾಲೇಜುಗಳಿವೆ, ಆದ್ರೆ ಎಚ್-4 ಮಗೂನ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಅಂತ ಲೆಕ್ಕ ಹಾಕ್ತಾರಾ ಇಲ್ವಾ ಅಂತ ಒಂದೊಂದು ಕಾಲೇಜಿಗೂ ಬರೆದು ಕೇಳಬೇಕು. 21 ಆದ್ಮೇಲೆ ಎಫ್-1ಗೆ ಹೋದ್ರೆ ಇನ್‌ಸ್ಟೇಟ್ ಫೀಸು ಉಳಿಯುತ್ತಾ ಅಂತಾನೂ ಆ ಯೂನಿವರ್ಸಿಟಿಯ ರೆಸಿಡೆನ್ಸಿ ಆಫೀಸಲ್ಲೇ ಕೇಳಿ, ಉತ್ತರನ ಇಮೇಲಲ್ಲೇ ತಗೊಳ್ಳಿ, ಪಾಟ್‌ಲಕ್‌ನಲ್ಲಿ ಯಾರೋ ಹೇಳಿದ್ದನ್ನ ನಂಬ್ಕೊಂಡು ನಾಲ್ಕು ವರ್ಷದ ದುಡ್ಡಿನ ನಿರ್ಧಾರ ಮಾಡಬೇಡಿ.

ಅರ್ಲಿ ಡಿಸಿಷನ್ ಬಗ್ಗೆನೂ ಒಂದು ಮಾತು. ನವೆಂಬರಲ್ಲಿ ಒಂದೇ ಕಾಲೇಜಿಗೆ ಅರ್ಜಿ ಹಾಕೋದು, ಸಿಕ್ರೆ ಅಲ್ಲೇ ಹೋಗ್ತೀವಿ ಅಂತ ಮಗು, ಅಪ್ಪ ಅಮ್ಮ, ಸ್ಕೂಲ್ ಕೌನ್ಸೆಲರ್ ಮೂವರೂ ಸೈನ್ ಮಾಡೋದು. ಕೊಟ್ಟ ಸಹಾಯ ಸಾಲದಿದ್ರೆ ಬಿಡಿಸ್ಕೋಬಹುದು, ಆದ್ರೆ ನಾಲ್ಕು ಕಾಲೇಜಿನ ಆಫರ್ ಪಕ್ಕಪಕ್ಕ ಇಟ್ಟು ನೋಡೋ ಅವಕಾಶ ಹೋಗುತ್ತೆ. ದುಡ್ಡಿನ ಮಾತು ಮುಗಿಸದೆ ಇದಕ್ಕೆ ಕೈ ಹಾಕಬಾರದು.

ದುಡ್ಡಿನ ಮಾತು ಒಂದು ಸಲ ಸ್ಪಷ್ಟವಾಗಿ ಆಡಿ ಮುಗಿಸಿದ್ರೆ ಉಳಿದಿದ್ದನ್ನ ಮಕ್ಕಳಿಗೆ ಬಿಡೋಕೆ ಧೈರ್ಯ ಬರುತ್ತೆ, ಇದು ನಾನು ಕಂಡಿದ್ದು. ನಾವು ಯುಸಿ ಡೇವಿಸ್ ನೋಡೋಕೆ ಹೋಗಿದ್ವಿ. ಕ್ಯಾಂಪಸ್ ಟೂರಲ್ಲಿ ಮುಂದಿನ ಸಾಲಲ್ಲಿ ಇದ್ದೋರೆಲ್ಲ ಅಪ್ಪ ಅಮ್ಮಂದಿರೇ, ಗೈಡ್ ಆಗಿದ್ದ ಹುಡುಗಿಗೆ ಪ್ಲೇಸ್‌ಮೆಂಟ್ ಎಷ್ಟು, ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸ್ಕೋಬಹುದಾ, ರ್‍ಯಾಂಕಿಂಗ್ ಎಷ್ಟು ಅಂತ ಬಿಡದೆ ಕೇಳ್ತಿದ್ರು, ಮಕ್ಕಳು ಹಿಂದೆ ತಲೆ ತಗ್ಗಿಸ್ಕೊಂಡು ಫೋನ್ ನೋಡ್ತಾ ಬರ್ತಿದ್ವು. ನಾವಿಬ್ರೂ ಬೇಕಂತಲೇ ಹಿಂದೆ ಉಳ್ಕೊಂಡ್ವಿ. ಮಗಳು ಮುಂದೆ ಹೋಗಿ ಕೇಳಿದ್ದು, ಹಾಸ್ಟೆಲ್ ಪಕ್ಕದಲ್ಲಿರೋ ಹಸುಗಳ ಕೊಟ್ಟಿಗೇಲಿ ಮೊದಲನೇ ವರ್ಷದವರು ಕೆಲಸ ಮಾಡಬಹುದಾ ಅಂತ. ಅವಳಿಗೆ ಪ್ರಾಣಿಗಳಂದ್ರೆ ಇಷ್ಟ ಅಂತ ಗೊತ್ತಿತ್ತು, ಓದೋಕೆ ಆರಿಸ್ಕೊಳ್ಳೋಷ್ಟು ಅಂತ ಗೊತ್ತಿರ್ಲಿಲ್ಲ. ನಾವು ಮುಂದೆ ನಿಂತಿದ್ರೆ ಆ ಪ್ರಶ್ನೆ ಅವಳ ಬಾಯಿಂದ ಬರ್ತಾನೇ ಇರ್ಲಿಲ್ಲ.

ಕೌನ್ಸೆಲರ್‌ಗೆ ಇಮೇಲ್ ಮಗುನೇ ಬರೀಲಿ, ತಪ್ಪಿದ್ರೂ ಪರ್ವಾಗಿಲ್ಲ. ಕಾಲೇಜಿಗೆ ಸೇರಿದ ದಿನದಿಂದ ಫರ್ಪಾ ಕಾನೂನಿನ ಪ್ರಕಾರ ಮಾರ್ಕ್ಸ್ ವಿವರ ಅವರದ್ದು, ಅವರು ಒಪ್ಪದೆ ನಮಗೆ ಕೇಳಿದ ತಕ್ಷಣ ತೋರಿಸಲ್ಲ, ದಿನಾ ಪೋರ್ಟಲ್ ತೆಗೆದು ಗ್ರೇಡ್ ನೋಡೋ ಅಭ್ಯಾಸನ ಈಗಿಂದಲೇ ಕಮ್ಮಿ ಮಾಡ್ಕೊಳ್ಳಿ. ಎಸ್ಸೇನ ಅಂತೂ ಮುಟ್ಟಲೇಬೇಡಿ. ಯುಸಿಗೆ ಎಂಟು ಪ್ರಶ್ನೇಲಿ ನಾಲ್ಕಕ್ಕೆ 350 ಪದದೊಳಗೆ ಉತ್ತರ, ಕಾಮನ್ ಆ್ಯಪ್‌ಗೆ 650 ಪದ, ಆ ಹುಡುಗರು ತಮ್ಮ ಬಗ್ಗೆ ತಾವೇ ಯೋಚನೆ ಮಾಡೋಕೆ ಸಿಗೋ ಜಾಗ ಅದು.

ಮತ್ತೆ ಕಮ್ಯುನಿಟಿ ಕಾಲೇಜ್ ಅಂದ ತಕ್ಷಣ ಮುಖ ಕಿವುಚೋದನ್ನ ದಯವಿಟ್ಟು ಬಿಡಿ. ಲಾಸ್ ಏಂಜಲಿಸ್‌ನ ಯುಸಿ ಆದ ಯುಸಿಎಲ್‌ಎಗೆ ವರ್ಷಕ್ಕೆ 1,40,000ಕ್ಕಿಂತ ಜಾಸ್ತಿ ಹೈಸ್ಕೂಲ್ ಮಕ್ಕಳ ಅರ್ಜಿ ಬರುತ್ತೆ, ಹತ್ತರಲ್ಲಿ ಒಬ್ರಿಗೂ ಸಿಗಲ್ಲ. ಅದೇ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷ ಚೆನ್ನಾಗಿ ಓದಿದ್ರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಯುಸಿಗಳಲ್ಲಿ ಒಂದಕ್ಕೆ, ಹೇಳಿದ ಕೋರ್ಸು ಮತ್ತು ಜಿಪಿಎ ಇದ್ರೆ, ಖಾತ್ರಿಯಾಗಿ ಟ್ರಾನ್ಸ್‌ಫರ್ ಸಿಗೋ ವ್ಯವಸ್ಥೆ ಇದೆ (ಎಲ್ಲಾ ಮೇಜರ್‌ಗೂ ಇಲ್ಲ, ನೋಡ್ಕೋಬೇಕು). ಕೊನೇಲಿ ಡಿಗ್ರಿ ಮೇಲೆ ಇರೋದು ಅದೇ ಯೂನಿವರ್ಸಿಟಿ ಹೆಸರು. ಆ ದಾರಿ ಹಿಡಿದ ಮಗೂನ ಹಬ್ಬದ ಮನೇಲಿ "ಅಯ್ಯೋ ಯಾಕೆ, ಎಲ್ಲೂ ಸಿಗ್ಲಿಲ್ವಾ" ಅಂತ ಕೇಳ್ತೀವಲ್ಲ, ಅದನ್ನ ಕೇಳಿಸ್ಕೊಳ್ಳೋ ಮಗೂಗೆ ಹೇಗಾಗುತ್ತೆ ಅಂತ ಒಂದ್ಸಲ ಯೋಚನೆ ಮಾಡಿ. ನಂಗೆ ಈ ವಿಷಯದಲ್ಲಿ ನಿಜವಾಗ್ಲೂ ಸಿಟ್ಟಿದೆ.

ಹತ್ತಿರ ಇರೋರಿಗೆ ಒಂದು ಕರೆ. ಶನಿವಾರ ಮಕ್ಕಳ ಕನ್ನಡ ಕ್ಲಾಸ್ ಮುಗಿದ್ಮೇಲೆ ನಮ್ಮನೆಗೆ ಬನ್ನಿ, ನಮ್ಮನೆಯವರೂ ನಾನೂ ಜೊತೇಲಿ ಕೂತು ಕ್ಯಾಲ್ಕುಲೇಟರ್ ತುಂಬೋದು ತೋರಿಸ್ತೀವಿ. 2025ರ ಟ್ಯಾಕ್ಸ್ ರಿಟರ್ನ್, 529 ಸ್ಟೇಟ್‌ಮೆಂಟ್ ತನ್ನಿ, ಲ್ಯಾಪ್‌ಟಾಪ್ ತನ್ನಿ. ನಿಮ್ಮ ಲೆಕ್ಕ ನಾವು ನೋಡಲ್ಲ, ಬೇರೆ ರೂಮಲ್ಲಿ ಕೂತ್ಕೊಳ್ಳಿ, ಡೌಟ್ ಬಂದ್ರೆ ಮಾತ್ರ ಕರೀರಿ. ಎಚ್-4 ವಿಷಯಕ್ಕೆ ನನ್ನ ಫ್ರೆಂಡ್ ಒಬ್ಬಳು ಬರ್ತಾಳೆ, ಅವಳ ಮಗ ಈಗ ಎರಡನೇ ವರ್ಷದ ಕಾಲೇಜಲ್ಲಿದಾನೆ, ಯಾವ ಆಫೀಸಿಗೆ ಏನು ಬರೀಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಕಾಫಿ, ಉಪ್ಪಿಟ್ಟು ನಮ್ಮ ಕಡೆಯಿಂದ. ಒಂದೇ ಷರತ್ತು, ಮಗೂನ ಕರ್ಕೊಂಡೇ ಬರಬೇಕು, ಟೈಪ್ ಮಾಡೋದು ಮಗುನೇ.