ನಾಟಕ ಯಾವಾಗ ಶುರು ಮಾಡ್ತೀರಾ ಸ್ವಾಮಿ?

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಬದುಕಿನ ಬಗ್ಗೆ ನಾಟಕ, ಸಂಜೆ ಏಳಕ್ಕೆ ಅಂತ ಪೋಸ್ಟರ್‌ನಲ್ಲಿತ್ತು. ಏಳಕ್ಕೆ ಶುರುವಾಗಿದ್ದು ಸಭಾ ಕಾರ್ಯಕ್ರಮ! ಪ್ರಾರ್ಥನೆ, ಸ್ವಾಗತ, ಹಚ್ಚಿದಷ್ಟೂ ಆರುವ ದೀಪ (ಫ್ಯಾನ್ ಆಫ್ ಮಾಡೋದು ಯಾರಿಗೂ ಹೊಳೆಯಲ್ಲ), ಆಮೇಲೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ‘ಎರಡೇ ಮಾತು’ ಅಂತ ಮೈಕ್ ಹಿಡಿದ ಅತಿಥಿಗಳು ತಮ್ಮ ಕಾಲೇಜು ದಿನಗಳಿಂದ ಶುರು ಮಾಡಿದರು. ಸೈಡ್ ವಿಂಗ್‌ನಲ್ಲಿ ಮೇಕಪ್ ಹಾಕಿಕೊಂಡ ಹುಡುಗಿ, ಕೊರಳಲ್ಲಿ ಇಂಚು ಟೇಪು, ಪದೇ ಪದೇ ಇಣುಕುತ್ತಿದ್ದಳು. ಕೊನೆಗೆ ನಾಟಕ ಶುರುವಾಗುವಾಗ ಅತಿಥಿಗಳೇ ಇಲ್ಲ. ‘ಇನ್ನೊಂದು ಕಾರ್ಯಕ್ರಮ ಇದೆ’ ಅಂತ ಕಾರು ಹತ್ತಿದ್ದರು.

ನಾಟಕ ಚೆನ್ನಾಗಿತ್ತು, ಅದು ಬೇರೆ ಮಾತು. ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಬಿಗಿ ನಿಯಮ ತಂದಾಗ, 2016ರ ಏಪ್ರಿಲ್‌ನಲ್ಲಿ ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದಿದ್ದರಲ್ವಾ, ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತ್ತಲ್ಲ, ಆ ದೃಶ್ಯ ಬರುವ ಹೊತ್ತಿಗೆ ಹಾಲ್ ಅರ್ಧ ಖಾಲಿ. ಹಿಂದಿನ ಸಾಲಿನಲ್ಲಿ ಪೀಣ್ಯದ ಕಡೆಯಿಂದ ಬಂದ ಗಾರ್ಮೆಂಟ್ಸ್‌ನವರೇ ನಾಲ್ಕೈದು ಜನ ಇದ್ದರು. ಬಸ್ ತಪ್ಪುತ್ತೆ ಅಂತ ಎದ್ದು ಹೋದರು ಪಾಪ. ಬೆಳಗ್ಗೆ ಸ್ವಲ್ಪ ತಡವಾದರೂ ಗೇಟಿನಲ್ಲೇ ಬೈಸಿಕೊಳ್ಳುವವರು.

ಸನ್ಮಾನ ಮಾಡಲೇಬೇಕಾ? ನಾಟಕ ಮುಗಿದ ಮೇಲೆ ಮಾಡಿ. ಆಗ ಯಾರೂ ಕೂರಲ್ಲ ಅಂತ ನಿಮಗೂ ಗೊತ್ತು, ಅದಕ್ಕೇ ನಮ್ಮನ್ನು ಮೊದಲೇ ಕೂರಿಸಿ ಕಟ್ಟಿಹಾಕುತ್ತೀರಿ.