ಹೆಂಡತಿ ಹೆಸರಲ್ಲಿ ರಿಜಿಸ್ಟರ್ ಮಾಡಿಸಿದರೆ ಮುದ್ರಾಂಕ ಶುಲ್ಕ ಕಡಿಮೆಯೇ?

‘ಮನೆಯನ್ನು ಹೆಂಗಸರ ಹೆಸರಲ್ಲಿ ಕೊಂಡರೆ ಕರ್ನಾಟಕದಲ್ಲಿ ಸ್ಟ್ಯಾಂಪ್ ಡ್ಯೂಟಿ ಕಡಿಮೆ’ ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ನಮ್ಮ ರಾಜ್ಯದಲ್ಲಿ ಕ್ರಯಪತ್ರಕ್ಕೆ ಅಂಥ ರಿಯಾಯಿತಿ ಇಲ್ಲ. ಹೆಣ್ಣಿರಲಿ ಗಂಡಿರಲಿ, ದರ ಒಂದೇ. ಮಹಾರಾಷ್ಟ್ರದಲ್ಲಿ ಮಹಿಳೆಯರಿಗೆ ಶೇ 1ರಷ್ಟು ವಿನಾಯಿತಿ ಇದೆ. ಅಲ್ಲಿನ ಸುದ್ದಿಯನ್ನೇ ಇಲ್ಲಿಯದು ಅಂತ ಯಾರೋ ಹಂಚಿರಬೇಕು.

ಲೆಕ್ಕ ನೋಡಿ. ಬೆಂಗಳೂರಿನಲ್ಲಿ 60 ಲಕ್ಷದ ಫ್ಲ್ಯಾಟ್ ಕೊಂಡಿರಿ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಆ 3 ಲಕ್ಷದ ಮೇಲೆ ಶೇ 10 ಸೆಸ್, ಶೇ 2 ಸರ್‌ಚಾರ್ಜ್: 36 ಸಾವಿರ. ನೋಂದಣಿ ಶುಲ್ಕ 1.20 ಲಕ್ಷ. ಒಟ್ಟು 4.56 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಹಳೆಯ ಲೆಕ್ಕ ನಂಬಿ ದುಡ್ಡು ಹೊಂದಿಸಿದವರಿಗೆ ಕೊನೇ ಗಳಿಗೆಯಲ್ಲಿ ಜಾಸ್ತಿ ಕಷ್ಟ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಕ್ರಯದ ಮೊತ್ತ, ಸರ್ಕಾರದ ಮಾರ್ಗಸೂಚಿ ದರ (ಆ ಜಾಗದ ಆಸ್ತಿಗೆ ಸರ್ಕಾರವೇ ಗೊತ್ತುಮಾಡಿದ ಬೆಲೆ), ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ಬೀಳುತ್ತದೆ. ಪತ್ರದಲ್ಲಿ ಸುಮ್ನೆ ಕಡಿಮೆ ಬೆಲೆ ಬರೆಸಿದರೆ ಉಳಿಯುವುದಿಲ್ಲ.

ಹೆಂಡತಿ ಹೆಸರಲ್ಲಿ ಮನೆ ಮಾಡುವುದು ಒಳ್ಳೆಯದೇ, ಖಂಡಿತ ಮಾಡಿ. ಶುಲ್ಕ ಮಾತ್ರ ಪೂರ್ತಿ ಕಟ್ಟಬೇಕು.