ಪಾಯಿಂಟ್ ಇದ್ದರೆ ಸಾಲದು, ಸೀಟೂ ಬೇಕಲ್ಲ ಮಾರಾಯ್ರೆ

"ಕ್ರೆಡಿಟ್ ಕಾರ್ಡಿನ ಪಾಯಿಂಟ್ ಕೂಡಿಟ್ಟರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಮನೆ ಪುಕ್ಕಟೆ ಹಾರಬಹುದು" ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆ "ಪುಕ್ಕಟೆ"ಗೇ ನನ್ನ ತಕರಾರು. ಕಳೆದ ಡಿಸೆಂಬರ್ ರಜೆಯಲ್ಲಿ ಅಮ್ಮನಿಗೆ ಕಾಶಿ ತೋರಿಸುವ ಅಂತ ನಾವು 7 ಜನ ಹೊರಟದ್ದು. ಮೂರು ವರ್ಷ ದಿನಸಿ, ಮಕ್ಕಳ ಫೀಸು, ಪೆಟ್ರೋಲು ಎಲ್ಲ ಕಾರ್ಡಿನಲ್ಲೇ ಉಜ್ಜಿದ್ದೆ (ಪೆಟ್ರೋಲಿಗೆ ಪಾಯಿಂಟ್ ಇಲ್ಲ ಅಂತ ಆಮೇಲೆ ಗೊತ್ತಾಯ್ತು). ಬಜಪೆಯಿಂದ (ನಮ್ಮ ಮಂಗಳೂರು ವಿಮಾನ ನಿಲ್ದಾಣ) ಪಾಯಿಂಟಿಗೆ ಸಿಕ್ಕಿದ್ದು ಎರಡೇ ಸೀಟು. ಅದಕ್ಕೂ ಟ್ಯಾಕ್ಸ್ ಕೈಯಿಂದಲೇ. ಉಡುಪಿಯ ತಮ್ಮನ ಪಾಯಿಂಟ್ ನನ್ನದಕ್ಕೆ ಸೇರಿಸುವ ಅಂದರೆ ಅವನ ಬ್ಯಾಂಕಿನವರು ಒಪ್ಪಲಿಲ್ಲ.

ನಿಜವಾದ ಪೇಚಾಟ ಬೇರೆಯೇ ಉಂಟು. ಪಾಯಿಂಟಿನ ಟಿಕೆಟಿಗೆ ಒಂದು ಪಿಎನ್‌ಆರ್ (ಬುಕಿಂಗ್ ನಂಬರ್), ದುಡ್ಡು ಕೊಟ್ಟದ್ದಕ್ಕೆ ಇನ್ನೊಂದು. ಹೊರಡುವ ಎರಡು ದಿನ ಮೊದಲು ವಿಮಾನದ ಹೊತ್ತು ಬದಲಾಯ್ತು. ನಾವೆಲ್ಲ ಒಂದೇ ಮನೆಯವರು ಅಂತ ಏರ್‌ಲೈನಿನವರ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅಮ್ಮ ಮತ್ತು ನನ್ನ ಮಗಳನ್ನು ಬೆಳಗ್ಗಿನ ವಿಮಾನಕ್ಕೆ ಹಾಕಿ, ಉಳಿದ ಐವರನ್ನು ಸಂಜೆಗೆ ಬಿಟ್ಟಿದ್ದರು. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಎರಡು ಗಂಟೆ ಕೂತ ಮೇಲೆ ಸರಿಯಾಯ್ತು. ಅಷ್ಟರಲ್ಲಿ ಅಮ್ಮ ಬ್ಯಾಗಿನಿಂದ ಕುಚ್ಚಲಕ್ಕಿ, ಉಪ್ಪಿನಕಾಯಿ ಭರಣಿ ತೆಗೆದು ವಾಪಸ್ ಅಡುಗೆಮನೆಯಲ್ಲಿ ಇಟ್ಟಾಗಿತ್ತು, "ನಾನು ಬರುವುದಿಲ್ಲ" ಅಂತ.

ಹಾಗಾಗಿ ಮುಂದಿನ ಸಲ ಎಲ್ಲರ ಟಿಕೆಟೂ ಒಟ್ಟಿಗೆ, ದುಡ್ಡಿಗೇ. ಪಾಯಿಂಟ್ ಇದ್ದರೆ ಹೋಟೆಲಿಗೆ, ಅದೂ ನೆಲಮಹಡಿಯ ರೂಮಿಗೆ. ಅಮ್ಮನ ಮಂಡಿಗೆ ಅದೇ ಒಳ್ಳೆಯದು. ಇನ್ನು ವೀಲ್‌ಚೇರ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. "ನಾನೇನು ರೋಗಿಯಾ?" ಅಂತ ಬಜಪೆಯಲ್ಲಿ ಗದರಿದ ಅಮ್ಮ, ಬೆಂಗಳೂರಲ್ಲಿ ವಿಮಾನ ಬದಲಿಸುವಾಗ ತಾವಾಗಿಯೇ ಕೇಳಿ ಕೂತರು. ನಮ್ಮ ಹತ್ತಿರ ಅದಕ್ಕೆ ಪಾಯಿಂಟೂ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ.